ಮನೆ ಪಕ್ಕದ ನೆರಳಿನ ಓಣಿಯಲ್ಲಿ ಫರ್ನ್ ಪಾತಿ: ಬೋರ್‌ವೆಲ್ ನೀರು, ಮಣ್ಣು, ಗಿಡದ ಆಯ್ಕೆ

ಓಣಿತೋಟ, ಬೆಂಗಳೂರು

ಮನೆಯ ಉತ್ತರದ ಗೋಡೆಗೂ ಕಾಂಪೌಂಡಿಗೂ ನಡುವೆ 4 ಅಡಿ ಅಗಲ, 20 ಅಡಿ ಉದ್ದದ ಓಣಿ ಇದೆ. ಮುಕ್ಕಾಲು ಭಾಗಕ್ಕೆ ಪಕ್ಕದವರ ಮಾವಿನ ಮರದ ನೆರಳು. 2 ಅಡಿ ಓಡಾಡಲು ಬಿಟ್ಟು, ಕಾಂಪೌಂಡ್ ಬದಿಯ 2 ಅಡಿಯಲ್ಲಿ ಪೂರ್ತಿ ಫರ್ನ್ (ಜರೀಗಿಡ) ಹಾಕಬೇಕೆಂದಿದ್ದೇನೆ. ಬೋರ್‌ವೆಲ್ ನೀರಿನ ಟಿಡಿಎಸ್ (ಲೀಟರಿನಲ್ಲಿ ಕರಗಿರುವ ಲವಣ, ಮಿಲಿಗ್ರಾಂನಲ್ಲಿ) 900. ಈಗಿರುವ ಮಣ್ಣನ್ನೇ ಗೊಬ್ಬರ ಹಾಕಿ ಸರಿಮಾಡಬಹುದೇ? ಯಾವ ಜಾತಿ ಈ ನೀರಿಗೆ ತಾಳುತ್ತದೆ? ಉತ್ತರ ದಿಕ್ಕು ಆದ್ದರಿಂದ ಬಿಸಿಲಿನ ಚಿಂತೆ ಇಲ್ಲವೆಂದು ಎಲ್ಲ ಕಡೆ ಬರೆದಿದ್ದಾರೆ, ಅದು ಸರಿಯೇ?

ದರಗು, ತೀರ್ಥಹಳ್ಳಿ

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಹೆಚ್ಚಿನವರು ಎಡವುವುದು ಅಲ್ಲೇ. ಉತ್ತರದ ಗೋಡೆಗೆ ಬಿಸಿಲು ಬೀಳುವುದಿಲ್ಲ ಎನ್ನುವುದು ಯುರೋಪ್, ಅಮೆರಿಕಕ್ಕೆ ಹೊಂದುವ ಮಾತು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಆ ತಿಂಗಳುಗಳಲ್ಲಿ ನಿಮ್ಮ ಮನೆ ಈ ಓಣಿಗೆ ಮಧ್ಯಾಹ್ನ ನೆರಳು ಕೊಡುವುದಿಲ್ಲ, ಬೆಳಗ್ಗೆ ಸಂಜೆಯ ಬಿಸಿಲೂ ಉತ್ತರದ ಕಡೆಯಿಂದಲೇ ಓರೆಯಾಗಿ ಬರುತ್ತದೆ. ಜೂನ್ ನಂತರ ಮೋಡ ಕಾಯುತ್ತದೆ. ಅಪಾಯ ಇರುವುದು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ. ಮಾವಿನ ನೆರಳು ತಲುಪದ ಕಾಲು ಭಾಗಕ್ಕೆ ಏಪ್ರಿಲ್ 20ರ ಹೊತ್ತಿಗೆ ಶೇ 75ರ ನೆರಳು ಬಲೆ ಕಟ್ಟಿ, ಮಳೆ ನಿಂತ ಮೇಲೆ ತೆಗೆಯಿರಿ. ಕಪ್ಪು ಬಲೆ ತೆಗೆದುಕೊಳ್ಳಿ. ಹಸಿರು ಬಲೆ ಎಲೆಗೆ ಬೇಕಾದ ಕೆಂಪು, ನೀಲಿ ಬೆಳಕನ್ನೇ ಹೆಚ್ಚು ತಡೆದು, ಬೇಡದ ಹಸಿರನ್ನು ಒಳಗೆ ಬಿಡುತ್ತದೆ.

ಇನ್ನೊಂದು ಬದಿಯ ತಪ್ಪೂ ಇದೆ. ಮಾವಿನ ಬುಡದ ಗಾಢ ನೆರಳಿನಲ್ಲಿ ಫರ್ನ್ ಬದುಕುತ್ತದೆ, ಬೆಳೆಯುವುದಿಲ್ಲ. ಮೊಬೈಲಿನಲ್ಲಿ ಬೆಳಕು ಅಳೆಯುವ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡು, ಮೋಡವಿಲ್ಲದ ದಿನ ಮಧ್ಯಾಹ್ನ 12ಕ್ಕೆ ಗಿಡ ಬರುವ ಎತ್ತರದಲ್ಲಿ ಹಿಡಿಯಿರಿ. 5,000ದಿಂದ 20,000 ಲಕ್ಸ್ ಇದ್ದರೆ ಒಳ್ಳೆಯದು. 2,000ಕ್ಕಿಂತ ಕಡಿಮೆಯಾದರೆ ಎಲೆ ಉದ್ದುದ್ದ, ತೆಳ್ಳಗೆ, ವಿರಳವಾಗಿ ಬರುತ್ತದೆ. ಆಗ ಮಾವಿನ ಒಂದೆರಡು ಕೆಳಕೊಂಬೆ ತೆಗೆಸಲು ಪಕ್ಕದವರನ್ನು ಕೇಳಬೇಕಾಗುತ್ತದೆ.

ಕಾಂಪೌಂಡ್ ಬುಡದ ಮಣ್ಣಿನ ಮಾತು: ಅದನ್ನು ಸರಿಮಾಡಲು ಹೋಗಬೇಡಿ. ಮನೆ ಕಟ್ಟಿದಾಗಿನ ಸಿಮೆಂಟು, ಗಾರೆ, ಜಲ್ಲಿಪುಡಿ ಎಲ್ಲ ಅಲ್ಲೇ ಸೇರಿರುತ್ತದೆ. ಪಿಎಚ್ (ಹುಳಿ-ಕ್ಷಾರದ ಅಳತೆ) 8 ದಾಟಿದರೆ ಆಶ್ಚರ್ಯವಿಲ್ಲ. ಹೆಚ್ಚಿನ ಫರ್ನ್‌ಗಳಿಗೆ ಬೇಕಾದ್ದು 5.5ರಿಂದ 6.5. ಗೊಬ್ಬರ ಎಷ್ಟು ಸುರಿದರೂ ಸಿಮೆಂಟ್ ಚೂರು ಸುಣ್ಣ ಬಿಡುತ್ತಲೇ ಇರುತ್ತದೆ, ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಮೇಲೆ ಏರಿಸಿದ ಪಾತಿಯೇ ದಾರಿ.

ಓಣಿತೋಟ

ಅಳೆದೆ. ಮರದ ಕೆಳಗೆ 4,000ದಿಂದ 7,000, ತೆರೆದ ತುದಿಯಲ್ಲಿ 30,000 ದಾಟುತ್ತದೆ. ಪಾತಿಗೆ ಎಷ್ಟು ಎತ್ತರ, ಏನೇನು, ಎಷ್ಟೆಷ್ಟು ಹಾಕಬೇಕು?

ದರಗು, ತೀರ್ಥಹಳ್ಳಿ

ಬೆಳಕು ಚೆನ್ನಾಗಿದೆ. ತೆರೆದ ತುದಿಗೆ ಬಲೆ ಸಾಕು.

9 ಇಂಚು ಎತ್ತರ ಮಾಡಿ. 2 ಅಡಿ, 20 ಅಡಿ, ಮುಕ್ಕಾಲು ಅಡಿ ಗುಣಿಸಿದರೆ 30 ಘನ ಅಡಿ, ಸುಮಾರು 850 ಲೀಟರ್. ಖಾಲಿ ಸಿಮೆಂಟ್ ಚೀಲದಲ್ಲಿ ಅಳೆದರೆ 24 ಚೀಲ. ಅದರಲ್ಲಿ 12 ಚೀಲ ಚೆನ್ನಾಗಿ ಕೊಳೆತ ಎಲೆಗೊಬ್ಬರ, 6 ಚೀಲ ಕೆಂಪುಮಣ್ಣು, 3 ಚೀಲ ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), 3 ಚೀಲ 6 ಮಿ.ಮೀ. ಬೇಬಿ ಜಲ್ಲಿ. 5 ಕಿಲೋ ಕೊಕೊಪೀಟ್ ಇಟ್ಟಿಗೆ ನೆನೆದರೆ 65ರಿಂದ 70 ಲೀಟರ್ ಆಗುತ್ತದೆ, ಎರಡು ತಂದರೆ ಸಾಕು. ಜಲ್ಲಿಯ ಬದಲು ಎಂ-ಸ್ಯಾಂಡ್ ಹಾಕುವುದಾದರೆ ಪುಡಿ ಹೋಗುವವರೆಗೆ ತೊಳೆಯಿರಿ. ಆ ಪುಡಿ ತಳದಲ್ಲಿ ಕೂತು ನೀರು ಇಂಗದಂತೆ ಮಾಡುತ್ತದೆ.

ಮೊದಲು ಹಳೇ ಮಣ್ಣನ್ನು ಅರ್ಧ ಅಡಿ ಅಗೆದು ಗಾರೆ ಚೂರು ಆರಿಸಿ ತೆಗೆಯಿರಿ. ನೀರು ಸುರಿದು ನೋಡಿ, ಒಂದು ಗಂಟೆಯಾದರೂ ಇಂಗದಿದ್ದರೆ ಓಣಿಯ ಇಳಿಜಾರಿನ ಕಡೆಗೆ ಜಲ್ಲಿ ತುಂಬಿದ ಕಾಲುವೆ ಬೇಕು. ಪಾತಿಯನ್ನು ಕಾಂಪೌಂಡಿಗೆ ಒರಗಿಸಿ, ಮನೆ ಗೋಡೆಗೆ ಎಂದೂ ಬೇಡ. ಪ್ಲಿಂತ್ (ಮನೆಯ ಅಡಿಪಾಯದ ಮೇಲ್ತುದಿ) ಮಟ್ಟಕ್ಕಿಂತ ಮೇಲೆ ಹಸಿ ಮಣ್ಣು ತಾಗಿದರೆ ತೇವ ಗೋಡೆಯೊಳಗೆ ಏರಿ ಬಣ್ಣ ಉದುರುತ್ತದೆ. ಕಾಂಪೌಂಡ್ ಬದಿಗೂ ದಪ್ಪ ಪ್ಲಾಸ್ಟಿಕ್ ಹಾಳೆ ನಿಲ್ಲಿಸಿದರೆ ಗೋಡೆಯ ಸುಣ್ಣ ಪಾತಿಗೆ ಇಳಿಯುವುದಿಲ್ಲ.

ಕಡಲತಡಿ, ಉಡುಪಿ

ಎಲೆಗೊಬ್ಬರ ಅರ್ಧಕ್ಕರ್ಧ ಹಾಕುವುದು ಮಲೆನಾಡಿಗೆ ಸರಿ. ಬೆಂಗಳೂರಿನಲ್ಲಿ ಎಲೆಗೊಬ್ಬರ ಅಂತ ಮಾರುವುದು ಹೆಚ್ಚಾಗಿ ಅರ್ಧ ಕೊಳೆತ ಕಸ ಮಾರಾಯ್ರೆ. ಅದರಲ್ಲಿ ಬಸವನಹುಳದ ಮೊಟ್ಟೆಯೂ ಉಂಟು, ಗೆದ್ದಲೂ ಉಂಟು. ಕೊಕೊಪೀಟ್ ಜಾಸ್ತಿ ಮಾಡಿದರೆ ಆ ತೊಂದರೆ ಇಲ್ಲವಲ್ಲ?

ದರಗು, ತೀರ್ಥಹಳ್ಳಿ

ಕೊಕೊಪೀಟ್ ಹೆಚ್ಚಿದರೆ ಬೇರೆ ತೊಂದರೆ. ಅದು ಸ್ಪಂಜಿನಂತೆ ನೀರು ಹಿಡಿದು ಮಳೆಗಾಲದಲ್ಲಿ ಗಾಳಿಯನ್ನೇ ಹೊರಗಿಡುತ್ತದೆ. ಪಾತಿಯಲ್ಲಿ ಕಾಲು ಭಾಗ ದಾಟಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕೊಂಡ ಎಲೆಗೊಬ್ಬರದ ಬಗ್ಗೆ ನೀವು ಹೇಳಿದ್ದು ನಿಜ. ಸಮಯವಿದ್ದರೆ ಸ್ವತಃ ಮಾಡಿಕೊಳ್ಳುವುದು ಉತ್ತಮ. ಬೆಂಗಳೂರಿನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ದರಗು (ಉದುರಿದ ಒಣ ಎಲೆ) ಧಾರಾಳ. ಮಳೆಮರ, ಗುಲ್‌ಮೊಹರ್ ಎಲೆ ಸಣ್ಣದು, ಬೇಗ ಕೊಳೆಯುತ್ತದೆ. ಹೊಂಗೆಯೂ ಒಳ್ಳೆಯದು. ಮಾವಿನೆಲೆ ನಿಧಾನ, ನೀಲಗಿರಿ ಎಲೆ ಬೇಡವೇ ಬೇಡ. 3 ಅಡಿ ಅಗಲದ ಕೋಳಿಬಲೆಯ ಸುತ್ತು ಮಾಡಿ, ಅದರೊಳಗೆ ಎಲೆ ತುಳಿದು ತುಂಬಿ, ಪದರಕ್ಕೊಂದು ಬುಟ್ಟಿ ಹಳೇ ಗೊಬ್ಬರ ಎರಚಿ, ಹಿಂಡಿದರೆ ಒಂದೆರಡು ಹನಿ ಬರುವಷ್ಟು ಮಾತ್ರ ತೇವ ಇಡಿ. ತಿಂಗಳಿಗೊಮ್ಮೆ ತಿರುವಿ. ಸಣ್ಣ ಎಲೆಯದು 4 ತಿಂಗಳಿಗೆ, ಹೊಂಗೆ 6ರಿಂದ 8 ತಿಂಗಳಿಗೆ ಕಪ್ಪಾಗಿ, ಮಣ್ಣಿನ ವಾಸನೆ ಬರುತ್ತದೆ. ಬಿಸಿ ಇರುವಾಗ, ಹುಳಿ ವಾಸನೆ ಇರುವಾಗ ಪಾತಿಗೆ ಹಾಕಿದರೆ ಫರ್ನ್‌ನ ನೂಲಿನಂಥ ಬೇರು ಮೊದಲು ಸುಡುತ್ತದೆ.

ಮಸಾರಿ, ಧಾರವಾಡ

ಎಲ್ಲಾರೂ ಮಣ್ಣಿನ ಮಾತಾಡಾಕತ್ತೀರಿ, ನೀರಿನ ಕಡೆ ನೋಡ್ರಿ. 900 ಟಿಡಿಎಸ್ ನೀರು ದಿನಾ ಹಾಕಿದ್ರ ಎಂಥಾ ಪಾತಿ ಇದ್ರೂ ಆರು ತಿಂಗಳದಾಗ ಉಪ್ಪು ಕೂಡತೈತಿ. ಎಲೆ ತುದಿ ಕಂದು ಆಗತೈತಿ, ಆಮ್ಯಾಲೆ ಅಂಚು, ಮಣ್ಣಿನ ಮ್ಯಾಲೆ ಬಿಳಿ ಪದರ. ಮಂದಿ ಅದನ್ನ ನೀರು ಕಡಿಮಿ ಆಗೇತಿ ಅಂತ ತಿಳದು ಅದೇ ನೀರು ಇನ್ನೂ ಹಾಕತಾರ.

ಲೆಕ್ಕಾ ಮಾಡ್ರಿ. ನಿಮ್ಮ ಪಾತಿ 40 ಚದರ ಅಡಿ, ಅಂದ್ರ 3.7 ಚದರ ಮೀಟರ್. ನೆರಳಾಗ ಬ್ಯಾಸಗಿ ದಿನಕ್ಕ ಹೆಚ್ಚಂದ್ರ 4 ಮಿ.ಮೀ. ನೀರು ಹೋಗತೈತಿ, ಅಂದ್ರ 15 ಲೀಟರ್. ಜನವರಿಯಿಂದ ಮೇ ತನಕ 150 ದಿನ ಹಿಡದ್ರ 2,250 ಲೀಟರ್. ಮಳಿ ನೀರು 1,000 ಲೀಟರ್ ಟ್ಯಾಂಕಿನಾಗ ಮುಚ್ಚಿ ಇಟ್ಟು, ಬೋರಿನ ನೀರಿನ ಜೋಡಿ ಅರ್ಧಕ್ಕರ್ಧ ಬೆರಸಿದ್ರ 130 ದಿನ ದಾಟತೈತಿ, ಟಿಡಿಎಸ್ 500ರ ಒಳಗ ಇಳಿತೈತಿ. 10 ಚದರ ಮೀಟರ್ ಮಾಳಗಿ ಮ್ಯಾಲೆ 10 ಮಿ.ಮೀ. ಮಳಿ ಬಿದ್ರ 100 ಲೀಟರ್, ಟ್ಯಾಂಕ್ ತುಂಬೂದು ದೊಡ್ಡ ಮಾತಲ್ಲ. ಎ.ಸಿ.ಯಿಂದ ತೊಟ್ಟಿಕ್ಕೋ ನೀರೂ ನಡೀತೈತಿ. ಆರ್‌ಒ ಮಷಿನ್ ಹೊರಗ ಬಿಡೋ ನೀರು ಮಾತ್ರ ಬ್ಯಾಡ್ರಿ. ಅದರಾಗ ಬೋರಿನ ನೀರಿಗಿಂತಾ ಉಪ್ಪು ಹೆಚ್ಚು, ನೀರು ಉಳಸ್ತೀವಿ ಅಂತ ಅದನ್ನ ಫರ್ನಿಗೆ ಹಾಕಿ ಸುಡೋದು ಭಾಳ ಕಂಡುಬರತೈತಿ.

ಕೊಕೊಪೀಟಿನಾಗೂ ಉಪ್ಪು ಇರತೈತಿ. ನೆನಸಿ, ಹಿಂಡಿ, ನೀರು ಚೆಲ್ಲಿ, ಮತ್ತ ನೆನಸಿ, ಹಿಂಗ ಮೂರು ಸಲ ಮಾಡ್ರಿ. ಹಿಂಡಿದ ನೀರಿನ ಟಿಡಿಎಸ್ ನೀವು ಹಾಕಿದ ನೀರಿನ ಹತ್ತಿರಕ್ಕ ಬಂದ್ರ ಸಾಕು.

ಓಣಿತೋಟ

ಮಳೆನೀರಿನ ಟ್ಯಾಂಕ್ ಇಡುತ್ತೇನೆ. ದಿನಾ ಎಲೆಗೆ ಸ್ಪ್ರೇ ಮಾಡಿದರೆ ತೇವಾಂಶ ಹೆಚ್ಚುತ್ತದೆ ಎನ್ನುತ್ತಾರಲ್ಲ? ಗಿಡಗಳ ಪಟ್ಟಿಯನ್ನೂ ದಯವಿಟ್ಟು ಹೇಳಿ. ನರ್ಸರಿಯಲ್ಲಿ ಬೋಸ್ಟನ್, ಬರ್ಡ್ಸ್ ನೆಸ್ಟ್, ಮೇಡನ್‌ಹೇರ್, ಹಾಲಿ, ಆಸ್ಪರಾಗಸ್ ಫರ್ನ್ ಇವೆ.

ಬೀಜಕ, ಮಡಿಕೇರಿ

ಸ್ಪ್ರೇ ಮಾಡಿದ ತೇವಾಂಶ ತೆರೆದ ಜಾಗದಲ್ಲಿ ಕೆಲವೇ ನಿಮಿಷ ನಿಲ್ಲುತ್ತದೆ. ಗಡಸು ನೀರಾದರೆ ಎಲೆಯ ಮೇಲೆ ಬಿಳಿ ಚುಕ್ಕೆ, ರಾತ್ರಿ ಎಲೆ ಹಸಿಯಾಗಿದ್ದರೆ ರೋಗ. ಅದರ ಬದಲು ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನ ಓಡಾಡುವ 2 ಅಡಿ ನೆಲಕ್ಕೆ ನೀರು ಚಿಮುಕಿಸಿ. ಅಲ್ಲಿ ಸಿಮೆಂಟ್ ಹಾಕದೆ ಇಟ್ಟಿಗೆ ಹಾಸಿದರೆ ನೀರು ಹೀರಿಕೊಂಡು ಸಂಜೆವರೆಗೆ ಬಿಡುತ್ತದೆ. ಓಣಿಯ ಎರಡೂ ತುದಿ ತೆರೆದಿದ್ದರೆ ಬೇಸಿಗೆಯ ಒಣಗಾಳಿ ನುಗ್ಗುವ ಬದಿಗೆ ಬಿದಿರಿನ ತಟ್ಟಿ ನಿಲ್ಲಿಸಿ. ತೇವಾಂಶದ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಉಪಯೋಗದ ಕೆಲಸ ಬೇರೆ ಇಲ್ಲ.

ಗಿಡಗಳು. ಆಸ್ಪರಾಗಸ್ ಫರ್ನ್ ಜರೀಗಿಡವೇ ಅಲ್ಲ, ಶತಾವರಿಯ ಬಂಧು. ಹೂ ಬಿಡುತ್ತದೆ, ಬೆರ್ರಿ ಬಿಡುತ್ತದೆ, ಆ ಬೆರ್ರಿ ನಾಯಿ ಬೆಕ್ಕುಗಳಿಗೆ ವಿಷ. ಬಿಸಿಲನ್ನೂ ಬರವನ್ನೂ ತಾಳುವ ಅದಕ್ಕೆ ಈ ಪಾತಿಯ ನೀರು ಹೆಚ್ಚಾಗುತ್ತದೆ, ಕುಂಡದಲ್ಲಿ ಬೇರೆ ಇಡಿ.

ಹಿಂದಿನ ಸಾಲಿಗೆ ತೆರೆದ ತುದಿಯಿಂದ ಶುರುಮಾಡಿ 5 ಬೋಸ್ಟನ್, ಆಮೇಲೆ 4 ಹಾಲಿ ಫರ್ನ್, ಎರಡಕ್ಕೂ 45 ಸೆಂ.ಮೀ. ಅಂತರ. ಹೆಚ್ಚು ನೆರಳಿನ ಒಳತುದಿಗೆ 2 ಬರ್ಡ್ಸ್ ನೆಸ್ಟ್, ಒಂದೊಂದಕ್ಕೆ 90 ಸೆಂ.ಮೀ. ಒಟ್ಟು ಸುಮಾರು 6 ಮೀಟರ್, ನಿಮ್ಮ 20 ಅಡಿಗೆ ಸರಿಹೋಗುತ್ತದೆ. ಹಾಲಿ ಫರ್ನ್‌ನ ಎಲೆ ದಪ್ಪ, ಮೇಣದ ಹೊಳಪು, ಒಣಗಾಳಿ ತಾಳುತ್ತದೆ. ಬೆಂಗಳೂರಿಗೆ ಅದಕ್ಕಿಂತ ನಂಬಿಕೆಯ ಗಿಡ ಇಲ್ಲ, ಆದರೂ ಎಲ್ಲರೂ ಬೋಸ್ಟನ್ ಹಿಂದೆ ಹೋಗುತ್ತಾರೆ.

ಮುಂದಿನ ಸಾಲಿಗೆ ಮೇಡನ್‌ಹೇರ್ ಕೇಳುವಾಗ ಎಚ್ಚರ. ನರ್ಸರಿಯಲ್ಲಿ ಹೆಚ್ಚಾಗಿ ಸಿಗುವುದು ದಕ್ಷಿಣ ಅಮೆರಿಕ ಮೂಲದ ಅಡಿಯಾಂಟಮ್ ರಾಡಿಯಾನಮ್, ಅದಕ್ಕೆ ಗಡಸು ನೀರು ಸೇರದು. ಹಳೇ ಬಾವಿಯ ಕಲ್ಲುಸಂದಿ, ಸುಣ್ಣದ ಗೋಡೆಗಳಲ್ಲಿ ತಾನಾಗಿ ಬೆಳೆಯುವ ಅಡಿಯಾಂಟಮ್ ಕ್ಯಾಪಿಲ್ಲಸ್ ವೆನೆರಿಸ್ ಸುಣ್ಣವನ್ನು ಇಷ್ಟಪಡುವ ಜಾತಿ. ನಿಮ್ಮ ನೀರಿಗೆ ಅದೇ ಸರಿ. ಅದರ ಜೊತೆ ಟೆರಿಸ್ ವಿಟ್ಟಾಟ, ಅದೂ ಗಾರೆಗೋಡೆಯ ಗಿಡ. ಮಣ್ಣಿನಲ್ಲಿ ಆರ್ಸೆನಿಕ್ ಇದ್ದರೆ ಹೀರಿ ಎಲೆಯಲ್ಲಿ ಕೂಡಿಡುವ ಗುಣ ಇದಕ್ಕಿದೆ ಎಂದು 2001ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಎರಡಕ್ಕೂ 25ರಿಂದ 30 ಸೆಂ.ಮೀ. ಅಂತರ.

ಬೋಸ್ಟನ್ ಎಂದು ನೆಫ್ರೋಲೆಪಿಸ್ ಕಾರ್ಡಿಫೋಲಿಯಾ ಕೊಡುವುದೂ ಉಂಟು. ಬೇರು ಕೆದಕಿದಾಗ ಗೋಲಿಯಷ್ಟು ಗೆಡ್ಡೆಗಳಿದ್ದರೆ ಅದೇ. ಗಟ್ಟಿ ಗಿಡ, ಆದರೆ ಬಳ್ಳಿಬೇರು ಬಿಟ್ಟು ಎರಡು ಮಳೆಗಾಲದಲ್ಲಿ ಪಾತಿಯನ್ನೇ ಆಕ್ರಮಿಸುತ್ತದೆ. ಹಾಕಲೇಬೇಕಾದರೆ ತಳವಿಲ್ಲದ ಪ್ಲಾಸ್ಟಿಕ್ ಕುಂಡದೊಳಗೆ, 20 ಸೆಂ.ಮೀ. ಆಳದ ತಡೆಯೊಂದಿಗೆ ನೆಡಿ.

ಓಣಿತೋಟ

ನೆಡುವ ವಿಧಾನ, ಸಮಯ?

ದರಗು, ತೀರ್ಥಹಳ್ಳಿ

ಜೂನ್ ಮೊದಲ ವಾರ, ಎರಡು ಹದ ಮಳೆ ಬಿದ್ದ ಮೇಲೆ. ಪಾಲಿಹೌಸ್‌ನಿಂದ ಬಂದ ಗಿಡವನ್ನು ಕವರಿನಲ್ಲೇ ಎರಡು ವಾರ ಓಣಿಯಲ್ಲಿ ಇಟ್ಟು ಒಗ್ಗಿಸಿ, ಆಗ ಕೆಲವು ಹಳೇ ಎಲೆ ಒಣಗುವುದು ಸಹಜ.

ಸುಳಿ ಹೂಳಬಾರದು. ಫರ್ನ್ ಸಾಯುವ ಕಾರಣಗಳಲ್ಲಿ ಇದು ಮೊದಲನೆಯದು. ಸುರುಳಿ ಚಿಗುರು ಹೊರಡುವ ಕಂದು ರೋಮದ ಭಾಗ ಮಣ್ಣಿನ ಮಟ್ಟಕ್ಕಿಂತ ಒಂದು ಬೆರಳು ಮೇಲೆ ಕಾಣಬೇಕು, ಯಾಕೆಂದರೆ ಹೊಸ ಪಾತಿ ಮಳೆಗೆ ಒಂದೆರಡು ಇಂಚು ಕುಸಿಯುತ್ತದೆ, ಆಮೇಲೆ ಮೇಲೆ ಹಾಕುವ ದರಗು ಸುಳಿಗೆ ಜಾರುತ್ತದೆ. ಸುಳಿ ಕೊಳೆತದ್ದು ಬೇಗ ತಿಳಿಯುವುದಿಲ್ಲ. ಹಳೇ ಎಲೆ ಹಸಿರಾಗಿಯೇ ಇರುತ್ತದೆ, ಹೊಸ ಚಿಗುರು ನಿಂತುಹೋಗುತ್ತದೆ. ಎಳೆದರೆ ಎಲೆ ಬುಡಸಹಿತ ಕೈಗೆ ಬರುತ್ತದೆ. ಕವರಿನಲ್ಲಿ ಬೇರು ಸುತ್ತಿಕೊಂಡಿದ್ದರೆ ತಳದ ಒಂದು ಇಂಚು ಬೆರಳಿನಿಂದ ಬಿಡಿಸಿ, ಇಲ್ಲವಾದರೆ ಆ ಉಂಡೆ ಪಾತಿಯಲ್ಲೂ ಹಾಗೇ ಉಳಿದು ಸುತ್ತಲಿನ ಮಣ್ಣು ಹಸಿಯಿದ್ದರೂ ಒಳಗೆ ಒಣಗುತ್ತದೆ.

ಬರ್ಡ್ಸ್ ನೆಸ್ಟ್‌ಗೆ ನಡುವಿನ ಬಟ್ಟಲಿಗೆ ನೀರು ಹೊಯ್ಯಬೇಡಿ. ಕಾಡಿನಲ್ಲಿ ಅದು ಮರದ ಮೇಲೆ ದರಗು ಹಿಡಿದು ಬದುಕುತ್ತದೆ ನಿಜ, ಆದರೆ ಅಲ್ಲಿ ಗಾಳಿ ಆಡುತ್ತದೆ. ಓಣಿಯಲ್ಲಿ ಅಷ್ಟು ಗಾಳಿ ಇರದು. ಪಾತಿಯಲ್ಲಿ ಅದರ ಜಾಗಕ್ಕೆ ಮಾತ್ರ ಇನ್ನೆರಡು ಬೊಗಸೆ ಇದ್ದಲು ಚೂರು, ಬೇಬಿ ಜಲ್ಲಿ ಬೆರೆಸಿ.

ಗೊಬ್ಬರ ಕಡಿಮೆ. ಜೂನ್ ಮತ್ತು ಅಕ್ಟೋಬರ್‌ನಲ್ಲಿ ಅರ್ಧ ಇಂಚು ಎರೆಗೊಬ್ಬರ ಸುಳಿ ಬಿಟ್ಟು ಹರಡಿ. ಬೇಕಾದರೆ ಬೆಳವಣಿಗೆಯ ತಿಂಗಳುಗಳಲ್ಲಿ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ) ಲೀಟರಿಗೆ 1 ಗ್ರಾಂ, ತಿಂಗಳಿಗೊಮ್ಮೆ, ಮಣ್ಣು ಹಸಿ ಇರುವಾಗ ಮಾತ್ರ. ಹಸಿ ಸಗಣಿ, ಕೋಳಿಗೊಬ್ಬರ ಬೇಡ.

ಕಡಲತಡಿ, ಉಡುಪಿ

ಬಸವನಹುಳಕ್ಕೆ ಮೊದಲೇ ತಯಾರಿರಿ. ನೆಟ್ಟ ಮೊದಲ ಮಳೆಗಾಲದಲ್ಲಿ ಒಂದೇ ರಾತ್ರಿಗೆ ಸುರುಳಿ ಚಿಗುರೆಲ್ಲ ಖಾಲಿ. ಸಂಜೆ ಒದ್ದೆ ಗೋಣಿಚೀಲ ಹಾಸಿ ಅದರಡಿ ಪಪ್ಪಾಯಿ ಎಲೆ ಇಡಿ, ಬೆಳಗ್ಗೆ ಚೀಲ ಎತ್ತಿ ಆರಿಸಿ ಉಪ್ಪು ನೀರಿಗೆ ಹಾಕಿ. ಕೈಗೆ ಗ್ಲೌಸ್ ಇರಲಿ. ಉಪ್ಪನ್ನು ಪಾತಿಗೆ ಎರಚುವವರು ಉಂಟು, ಹುಳವೂ ಸಾಯುತ್ತದೆ, ಗಿಡವೂ. ಮೆಟಾಲ್ಡಿಹೈಡ್ ಗುಳಿಗೆ ಕೆಲಸ ಮಾಡುತ್ತದೆ, ಆದರೆ ಮನೆಯಲ್ಲಿ ನಾಯಿ ಇದ್ದರೆ ಹಾಕಲೇಬೇಡಿ, ತಿಂದರೆ ಜೀವಕ್ಕೆ ಅಪಾಯ.

ಹೊಸಗಿಡ, ಮೈಸೂರು

ನಡುವೆ ಬಂದದ್ದಕ್ಕೆ ಕ್ಷಮಿಸಿ. ಹಾಲಿ ಫರ್ನ್ ಎಲೆಯ ಅಡಿಯಲ್ಲಿ ಕಂದು ಚುಕ್ಕೆಗಳು ತುಂಬಿವೆ. ಬೇವಿನ ಎಣ್ಣೆ ಹೊಡೆಯಲೇ?

ಬೀಜಕ, ಮಡಿಕೇರಿ

ಹೊಡೆಯಬೇಡಿ. ಮೊದಲು ಚುಕ್ಕೆಗಳ ಜೋಡಣೆ ನೋಡಿ. ಎಲ್ಲ ಒಂದೇ ಗಾತ್ರ, ಕ್ರಮವಾಗಿ ಹರಡಿ, ಎಲೆಯ ಅಡಿಯಲ್ಲಿ ಮಾತ್ರ ಇದ್ದರೆ ಅದು ಬೀಜಕದ (ಬೀಜದ ಬದಲು ಫರ್ನ್ ಬಿಡುವ ನುಣ್ಣನೆ ಪುಡಿ) ಚುಕ್ಕೆ, ಆರೋಗ್ಯದ ಲಕ್ಷಣ. ಅಡ್ಡಾದಿಡ್ಡಿಯಾಗಿ, ನಡುನರ ಮತ್ತು ದಂಟಿನ ಮೇಲೂ ಇದ್ದು, ಉಗುರಿನಲ್ಲಿ ಎಬ್ಬಿಸಿದರೆ ಚಿಪ್ಪಿನಂತೆ ಕಳಚಿ ಅಡಿಯಲ್ಲಿ ಅಂಟು ಇದ್ದರೆ ಶಲ್ಕ ಕೀಟ. ಕೀಟವಾದರೆ ಹೆಚ್ಚು ಹತ್ತಿದ ಎಲೆ ಕತ್ತರಿಸಿ, ಉಳಿದದ್ದನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಫರ್ನ್‌ನ ಎಳೆ ಎಲೆ ಎಣ್ಣೆ, ಸೋಪು ತಾಳುವುದಿಲ್ಲ, ಮೇಡನ್‌ಹೇರ್ ಅಂತೂ ಕರಟಿಹೋಗುತ್ತದೆ. ಅನಿವಾರ್ಯವಾದರೆ ಲೀಟರಿಗೆ 3 ಮಿ.ಲೀ. ಬೇವಿನೆಣ್ಣೆ, ಒಂದು ಎಲೆಗೆ ಸಂಜೆ ಹೊಡೆದು ಐದು ದಿನ ಕಾದು ನೋಡಿ.

ಇನ್ನೊಂದನ್ನೂ ಗುರುತಿಟ್ಟುಕೊಳ್ಳಿ. ಎಲೆಯ ಮೇಲೆ ನರಗಳ ನಡುವೆ ಪಟ್ಟಿ ಪಟ್ಟಿಯಾಗಿ ಕಪ್ಪು ಕಂದು ಕಲೆ, ಬರ್ಡ್ಸ್ ನೆಸ್ಟ್‌ನಲ್ಲಿ ಬುಡದಿಂದ ಮೇಲೇರುವ ಕಪ್ಪು, ಇದು ಎಲೆ ನೆಮಟೋಡ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಒದ್ದೆ ಎಲೆಯ ನೀರಿನ ಪೊರೆಯಲ್ಲಿ ಈಜಿ ಹರಡುತ್ತದೆ. ಆ ಎಲೆಗಳನ್ನು ತೆಗೆದು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ, ನೀರನ್ನು ಬುಡಕ್ಕೆ ಮಾತ್ರ ಕೊಡಿ.

ಹೊಸಗಿಡ, ಮೈಸೂರು

ಕ್ರಮವಾಗಿವೆ, ಬೀಜಕವೇ. ಅದರಿಂದ ಸಸಿ ಮಾಡಬಹುದೇ?

ಬೀಜಕ, ಮಡಿಕೇರಿ

ಖಂಡಿತ. ಹಾಲಿ, ಬರ್ಡ್ಸ್ ನೆಸ್ಟ್, ಮೇಡನ್‌ಹೇರ್, ಟೆರಿಸ್ ಎಲ್ಲ ಬೀಜಕದಿಂದ ಬರುತ್ತವೆ. ಬೋಸ್ಟನ್ ಮಾತ್ರ ಬರುವುದಿಲ್ಲ, ಅದನ್ನು ಬಳ್ಳಿಬೇರಿನ ಮರಿಯಿಂದಲೇ ಮಾಡಬೇಕು.

ಚುಕ್ಕೆ ಹಸಿರಿನಿಂದ ಕಂದಿಗೆ ತಿರುಗಿ, ಇನ್ನೂ ಒಡೆಯದ ಎಲೆ ಆರಿಸಿ. ಬಿಳಿ ಕಾಗದದ ಮೇಲೆ ಅಡಿಮುಖ ಕೆಳಗಾಗಿ ಇಟ್ಟು, ಮೇಲೊಂದು ಕಾಗದ ಮುಚ್ಚಿ, ಗಾಳಿಯಾಡದ ಕಡೆ ಎರಡು ಮೂರು ದಿನ ಬಿಡಿ. ಕಾಗದವನ್ನು ಸ್ವಲ್ಪ ಓರೆ ಮಾಡಿ ತಟ್ಟಿದರೆ ಹೊಟ್ಟು ಮೊದಲು ಜಾರುತ್ತದೆ, ಅಂಟಿಕೊಂಡು ಉಳಿಯುವ ನುಣ್ಣನೆ ಪುಡಿ ಬೀಜಕ. ಹೊಟ್ಟಿನಲ್ಲೇ ಬೂಸ್ಟು ಬರುವುದು, ಆದ್ದರಿಂದ ಈ ಬೇರ್ಪಡಿಸುವ ಕೆಲಸದಲ್ಲಿ ಅವಸರ ಬೇಡ.

ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿ 3 ಸೆಂ.ಮೀ. ಜರಡಿ ಹಿಡಿದ ಕೊಕೊಪೀಟ್ ಮತ್ತು ಎಲೆಗೊಬ್ಬರ ಸಮಸಮ ಹಾಕಿ, ಕುದಿಯುವ ನೀರು ಸುರಿದು ಮುಚ್ಚಿ ಆರಲು ಬಿಡಿ. ಹೆಚ್ಚಿನ ನೀರು ಬಸಿದು, ಬೀಜಕವನ್ನು ಆದಷ್ಟು ತೆಳುವಾಗಿ ಉದುರಿಸಿ, ಮಣ್ಣು ಮುಚ್ಚಬೇಡಿ, ಅದಕ್ಕೆ ಬೆಳಕು ಬೇಕು. ಡಬ್ಬಿ ಮುಚ್ಚಿ, 20ರಿಂದ 25 ಡಿಗ್ರಿ ಇರುವ, ನೇರ ಬಿಸಿಲು ಬೀಳದ ಬೆಳಕಿನಲ್ಲಿ ಇಡಿ. ಎರಡರಿಂದ ಆರು ವಾರದಲ್ಲಿ ಹಸಿರು ಪೊರೆ, ಆಮೇಲೆ ಹೃದಯಾಕಾರದ, ಅರ್ಧ ಸೆಂ.ಮೀ.ನ, ಬೀಜಕದಿಂದ ಮೊದಲು ಹುಟ್ಟುವ ಪುಟ್ಟ ಸಸ್ಯ ಪ್ರೋಥಾಲಸ್‌ಗಳು. ಇಲ್ಲಿಗೆ ಬಂದು ಹೆಚ್ಚಿನವರದು ನಿಂತುಹೋಗುತ್ತದೆ. ಗಂಡುಕೋಶ ಹೆಣ್ಣುಕೋಶವನ್ನು ಸೇರಲು ನೀರಿನಲ್ಲಿ ಈಜಬೇಕು. ಅದಕ್ಕೆ ಈ ಹಂತದಲ್ಲಿ ಕುದಿಸಿ ಆರಿಸಿದ ಮಳೆನೀರನ್ನು ವಾರಕ್ಕೆರಡು ಸಲ ಮೇಲಿಂದ ನವಿರಾಗಿ ಸಿಂಪಡಿಸಿ. ದಟ್ಟವಾಗಿ ಹುಟ್ಟಿದ್ದರೆ ಚಿಮಟದಿಂದ ಸಣ್ಣ ತುಣುಕು ಎತ್ತಿ ಬೇರೆ ಡಬ್ಬಿಗೆ ಹಂಚಿ. ಮೂರರಿಂದ ಆರು ತಿಂಗಳಿಗೆ ನಿಜವಾದ ಎಲೆ ಕಾಣುತ್ತದೆ. 3 ಸೆಂ.ಮೀ. ಆದ ಮೇಲೆ ಮುಚ್ಚಳವನ್ನು ದಿನಕ್ಕಿಷ್ಟು ಎಂದು ತೆರೆಯುತ್ತಾ ಎರಡು ಮೂರು ವಾರದಲ್ಲಿ ಹೊರಗಿನ ಗಾಳಿಗೆ ತನ್ನಿ.

ಓಣಿತೋಟ

ಕಾಂಪೌಂಡ್ ಗೋಡೆಗೆ ಸ್ಟ್ಯಾಗ್‌ಹಾರ್ನ್ (ಜಿಂಕೆಕೊಂಬಿನಂಥ ಎಲೆಯ ಫರ್ನ್) ತೂಗುಹಾಕುವ ಆಸೆಯೂ ಇದೆ. ಮರಜರಿಯ (ಮರದಂತೆ ಬೆಳೆಯುವ ಫರ್ನ್) ಸಣ್ಣ ಸಸಿಯನ್ನು ಘಟ್ಟದಿಂದ ತಂದುಕೊಡುತ್ತೇವೆ ಎನ್ನುವವರೂ ಇದ್ದಾರೆ.

ಬೀಜಕ, ಮಡಿಕೇರಿ

ಮರಜರಿ ಬೇಡ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಸಯಾಥಿಯ ಕುಲದ ಮರಜರಿಗಳು ಸೈಟೀಸ್ (ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ) ಒಪ್ಪಂದದ ಎರಡನೇ ಅನುಬಂಧದಲ್ಲಿವೆ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಗಿಡ ಕೀಳುವುದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಹಳ್ಳದ ಬದಿಯ ತಂಪಿನಲ್ಲಿ ನಿಧಾನವಾಗಿ ಬೆಳೆಯುವ ಆ ಗಿಡ ಬೆಂಗಳೂರಿನ ಮೊದಲ ಮಾರ್ಚ್ ದಾಟುವುದೇ ಕಷ್ಟ. ಕಾಡಿನಲ್ಲೂ ಹೋಯಿತು, ಮನೆಯಲ್ಲೂ ಹೋಯಿತು. ಕೊಡಗಿನಲ್ಲಿ ಥೆರ್ಮೆ ತೊಪ್ಪು ಎನ್ನುವ ತಿನ್ನುವ ಜರಿಯ ಎಳೆ ಸುರುಳಿಯನ್ನು ಮಳೆಗಾಲದಲ್ಲಿ ಕೊಯ್ದು ಅಡುಗೆ ಮಾಡುವಾಗಲೂ ಬೇರು ಕೀಳುವುದಿಲ್ಲ. ಹಾಗೆಂದು ತೋಟದ ಅಲಂಕಾರದ ಫರ್ನ್ ಚಿಗುರನ್ನು ಯಾರೂ ತಿನ್ನಲು ಹೋಗಬೇಡಿ, ಎಲ್ಲ ಜಾತಿ ತಿನ್ನುವಂಥದ್ದಲ್ಲ.

ಸ್ಟ್ಯಾಗ್‌ಹಾರ್ನ್ ಧಾರಾಳವಾಗಿ ಹಾಕಿ, ನರ್ಸರಿಯದು. ರಾಸಾಯನಿಕ ಬಳಿಯದ ಮರದ ಹಲಗೆ, ಒಂದು ಮುಷ್ಟಿ ನೆನೆಸಿದ ಸ್ಫ್ಯಾಗ್ನಮ್ ಪಾಚಿ ಅಥವಾ ತೆಂಗಿನ ನಾರು, ಅದರ ಮೇಲೆ ಗಿಡ, ಮೀನುಗಾಳದ ದಾರದಿಂದ ಅಡ್ಡಡ್ಡ ಬಿಗಿತ. ದಾರ ಗುಂಡಗಿನ ಬುಡದೆಲೆಯ ಮೇಲೆ ಹಾಯಲಿ, ನಡುವಿನ ಮೊಗ್ಗಿನ ಮೇಲೆ ಬೇಡ. ಆ ಬುಡದೆಲೆ ಕಂದಾಗಿ ಕಾಗದದಂತಾದರೂ ಕೀಳಬೇಡಿ, ಬೇರನ್ನು ಕಾಯುವುದು ಅದೇ. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಹಲಗೆಸಹಿತ ಹತ್ತು ನಿಮಿಷ ಮಳೆನೀರಿನಲ್ಲಿ ಅದ್ದಿ, ಮಳೆಗಾಲದಲ್ಲಿ ಹಲಗೆ ಎತ್ತಿ ನೋಡಿ ಹಗುರಾದಾಗ ಮಾತ್ರ. ಸಿಮೆಂಟ್ ಗೋಡೆಗೆ ಒತ್ತಿ ಹಾಕದೆ, ಹಿಂದೆ ಎರಡು ಇಂಚು ಗಾಳಿ ಆಡುವಂತೆ ಕೊಕ್ಕೆಗೆ ನೇತುಹಾಕಿ.

ಮಸಾರಿ, ಧಾರವಾಡ

ಮಾವಿನ ಗಿಡದ ಬಗ್ಗೆ ಒಂದು ಮಾತು ಯಾರೂ ಹೇಳಲಿಲ್ಲ. ಜನವರಿಯಿಂದ ಮಾರ್ಚ್ ತನಕ ಹೂ ಬಿಟ್ಟಾಗ ಜಿಗಿಹುಳ ಸಿಹಿ ಅಂಟು ಸುರಸತೈತಿ. ಅದು ಕೆಳಗಿನ ಫರ್ನ್ ಎಲಿ ಮ್ಯಾಲೆ ಬಿದ್ದು ಕಪ್ಪು ಬೂಸ್ಟು ಹಿಡೀತೈತಿ. ರೋಗ ಅಂತ ಔಷಧಿ ಹುಡುಕಬ್ಯಾಡ್ರಿ. ಆ ದಿನಗಳಾಗ ಮೂರು ದಿನಕ್ಕೊಮ್ಮೆ ಮುಂಜಾನೆ ಎಲಿ ಮ್ಯಾಲೆ ನೀರು ಬಿಟ್ಟು ತೊಳೀರಿ, ಬಿಸಿಲು ಏರೂದರೊಳಗ ಆರಬೇಕು. ಬಾಜೂ ಮನಿಯವರು ಮಾವಿಗೆ ಔಷಧಿ ಹೊಡಸೋರಿದ್ರ ಮೊದಲ ಹೇಳ್ರಿ ಅಂತ ಕೇಳಿಕೊಂಡು, ಆ ದಿನ ಪಾತಿ ಮ್ಯಾಲೆ ಹಳೇ ಸೀರಿ ಹೊಚ್ಚಿ, ಮರುದಿನ ತೆಗೀರಿ.